ಜಾಲತಾಣದ ಪುಟಗಳಿಗೆ ಓದಬಲ್ಲ ವಿಳಾಸ ಕೊಡುವ ಬಗೆ

ಅಂತರ್ಜಾಲದ ಪ್ರತಿಯೊಂದು ಪುಟಕ್ಕೂ ಒಂದು ವಿಳಾಸ ಇರುತ್ತದೆ. ಇದನ್ನು ಯುಆರ್‌ಎಲ್ ಎನ್ನುತ್ತಾರೆ. ನೋಡಿದ ಕೂಡಲೇ ಪುಟದಲ್ಲಿ ಏನಿದೆ ಎಂದು ತಿಳಿಯುವ, ಪ್ರಶ್ನಾರ್ಥಕ ಚಿಹ್ನೆ ಮತ್ತು ಅರ್ಥವಿಲ್ಲದ ಸಂಖ್ಯೆಗಳ ಸಾಲು ಇಲ್ಲದ ವಿಳಾಸಕ್ಕೆ ಕ್ಲೀನ್ ಯುಆರ್‌ಎಲ್ ಎಂದು ಹೆಸರು. ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ಇದನ್ನೇ ಪರ್ಮಾಲಿಂಕ್, ಅಂದರೆ ಶಾಶ್ವತ ಕೊಂಡಿ ಎನ್ನುತ್ತಾರೆ. ಓದಲು ಬರಬೇಕು, ವರ್ಷಗಳು ಕಳೆದರೂ ಕೆಲಸ ಮಾಡಬೇಕು: ಒಳ್ಳೆಯ ವಿಳಾಸದ ಎರಡು ಗುಣಗಳು ಇವೇ.

ಶಾಲೆ, ಸಹಕಾರ ಸಂಘ, ಜಾತ್ರಾ ಸಮಿತಿ, ಊರಿನ ಸುದ್ದಿತಾಣ ಹೀಗೆ ಯಾರ ತಾಣವಾದರೂ ಸರಿ, ಕೊಂಡಿಗಳು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುತ್ತವೆ, ಮೊಬೈಲ್ ಸಂದೇಶದಲ್ಲಿ ಊರೂರು ತಿರುಗುತ್ತವೆ. ಒಮ್ಮೆ ಹೊರಗೆ ಹೋದ ವಿಳಾಸವನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಆದ್ದರಿಂದ ತಾಣ ಕಟ್ಟುವ ಮೊದಲೇ ಈ ವಿಷಯ ತಿಳಿದಿರುವುದು ಒಳ್ಳೆಯದು.

(ಓದಲು ಸುಲಭವಾಗಲೆಂದು ಇಲ್ಲಿ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲೇ ಕೊಡಲಾಗಿದೆ. ಸರ್ವರ್‌ಗೆ ಕೊಡುವ ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.)

ಅಂದಗೆಟ್ಟ ವಿಳಾಸ ಹುಟ್ಟುವುದು ಹೇಗೆ?

ಮೊದಮೊದಲು ಜಾಲತಾಣದ ಪ್ರತಿ ಪುಟವೂ ಸರ್ವರ್‌ನಲ್ಲಿ ಒಂದು ಕಡತವಾಗಿರುತ್ತಿತ್ತು. ಕಡತದ ಹೆಸರೇ ವಿಳಾಸ. ನಂತರ ಪಿಎಚ್‌ಪಿಯಂತಹ ಭಾಷೆಗಳು ಬಂದು, ಪುಟಗಳನ್ನು ದತ್ತಸಂಚಯದಿಂದ ಆಯಾ ಹೊತ್ತಿಗೆ ಕಟ್ಟಿಕೊಡುವ ಪದ್ಧತಿ ಬೆಳೆಯಿತು. ಹೀಗೆ ಕಟ್ಟುವ ತಾಣಕ್ಕೆ ಡೈನಾಮಿಕ್ ತಾಣ ಎನ್ನುತ್ತಾರೆ. ಯಾವ ಪುಟ ಬೇಕು ಎಂದು ಪ್ರೋಗ್ರಾಮ್‌ಗೆ ತಿಳಿಸಲು ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮಾಹಿತಿ ಸೇರಿಸುತ್ತಾರೆ. ಉದಾಹರಣೆಗೆ:

ಸುದ್ದಿ.ಪಿಎಚ್‌ಪಿ?ಐಡಿ=1274&ಭಾಷೆ=2&ವಿಭಾಗ=7

ಯಂತ್ರಕ್ಕೆ ಇದು ಸಾಕು. ಓದುವವರಿಗೆ ಏನೂ ತಿಳಿಯುವುದಿಲ್ಲ. ಇನ್ನೊಂದು ತೊಂದರೆ ಎಂದರೆ ತಾಣ ಯಾವ ಭಾಷೆಯಲ್ಲಿ ಬರೆದದ್ದು ಎಂಬುದು ವಿಳಾಸಕ್ಕೆ ಅಂಟಿಕೊಂಡಿರುತ್ತದೆ. ನಾಳೆ ಪಿಎಚ್‌ಪಿ ಬಿಟ್ಟು ಬೇರೆ ತಂತ್ರಾಂಶ ಹಿಡಿದರೆ ಎಲ್ಲ ವಿಳಾಸಗಳೂ ಒಟ್ಟಿಗೆ ಸಾಯುತ್ತವೆ. ವಿಶ್ವವ್ಯಾಪಿ ಜಾಲವನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಈ ಬಗ್ಗೆ ಲೇಖನ ಬರೆದು, ವಿಳಾಸಗಳು ತಾವಾಗಿ ಬದಲಾಗುವುದಿಲ್ಲ, ಜನರು ಬದಲಾಯಿಸುತ್ತಾರೆ ಎಂದು ಎಚ್ಚರಿಸಿದ್ದರು. ಕಡತದ ಬಾಲ, ತಂತ್ರಾಂಶದ ಹೆಸರು ಇವನ್ನು ವಿಳಾಸದಿಂದ ಹೊರಗಿಡಬೇಕು ಎಂಬುದು ಅವರ ಸಲಹೆಗಳಲ್ಲಿ ಒಂದು.

ಒಳಗೆ ನಡೆಯುವ ಕೆಲಸ

ಮೇಲಿನ ಪುಟಕ್ಕೇ ಇಂತಹ ವಿಳಾಸ ಕೊಡಬಹುದು:

/ಸುದ್ದಿ/1274/ತಾಳವಾಡಿ-ಶಾಲೆ

ಈ ಹೆಸರಿನ ಕಡತ ಸರ್ವರ್‌ನಲ್ಲಿ ಎಲ್ಲಿಯೂ ಇರುವುದಿಲ್ಲ. ಕೋರಿಕೆ ಬಂದಾಗ ಸರ್ವರ್ ಅದನ್ನು ಒಳಗಿನಿಂದಲೇ ಪ್ರೋಗ್ರಾಮ್‌ಗೆ ತಿರುಗಿಸುತ್ತದೆ. ಇದಕ್ಕೆ ರಿರೈಟ್ ಎಂದು ಹೆಸರು. ಅಪಾಚೆ ಸರ್ವರ್‌ನಲ್ಲಿ ಈ ಕೆಲಸ ಮಾಡುವ ಮಾಡ್‌ರಿರೈಟ್ ಘಟಕವನ್ನು 1996ರಲ್ಲಿ ರಾಲ್ಫ್ ಎಂಗೆಲ್‌ಶಾಲ್ ಬರೆದರು. ಇಂದಿಗೂ ಅದೇ ಬಳಕೆಯಲ್ಲಿದೆ.

ಅಪಾಚೆಯಲ್ಲಿ ತಾಣದ ಮೂಲ ಫೋಲ್ಡರ್‌ನಲ್ಲಿ ಡಾಟ್-ಎಚ್‌ಟಿಆಕ್ಸೆಸ್ ಎಂಬ ಕಡತವಿಟ್ಟು ನಿಯಮಗಳನ್ನು ಬರೆಯುತ್ತಾರೆ. ವರ್ಡ್‌ಪ್ರೆಸ್ ಬರೆದುಕೊಳ್ಳುವ ನಿಯಮಗಳ ಸಾರಾಂಶ ಇಷ್ಟೆ:

1. ರಿರೈಟ್ ಇಂಜಿನ್ ಚಾಲೂ ಮಾಡು.
2. ಕೇಳಿದ ಹೆಸರಿನ ನಿಜವಾದ ಕಡತ ಅಥವಾ ಫೋಲ್ಡರ್ ಇದ್ದರೆ ಅದನ್ನೇ ಕೊಡು. ಚಿತ್ರಗಳು, ಪಿಡಿಎಫ್ ಕಡತಗಳು ಹೀಗೆ ನೇರವಾಗಿ ಸಿಗುತ್ತವೆ.
3. ಇಲ್ಲದಿದ್ದರೆ ಕೋರಿಕೆಯನ್ನು ಇಂಡೆಕ್ಸ್.ಪಿಎಚ್‌ಪಿಗೆ ಕಳಿಸು.

ಉಳಿದದ್ದನ್ನು ಪ್ರೋಗ್ರಾಮ್ ನೋಡಿಕೊಳ್ಳುತ್ತದೆ. ವಿಳಾಸವನ್ನು ಓರೆಗೆರೆಗಳಲ್ಲಿ ತುಂಡು ಮಾಡಿ, ಆ ಹೆಸರಿನ ಬರಹವನ್ನು ದತ್ತಸಂಚಯದಲ್ಲಿ ಹುಡುಕಿ ಪುಟ ಕಟ್ಟುತ್ತದೆ. ಎಲ್ಲಿಯೂ ಸಿಗದಿದ್ದರೆ 404 ಎಂಬ ಉತ್ತರ ಕೊಡಬೇಕು. ವಿಳಾಸದಿಂದ ಬಂದ ಪದವನ್ನು ಪರೀಕ್ಷಿಸದೆ ದತ್ತಸಂಚಯದ ಆದೇಶದೊಳಗೆ ಸೇರಿಸಬಾರದು. ವಿಳಾಸ ಅಂದವಾಗಿದೆ ಎಂದ ಮಾತ್ರಕ್ಕೆ ತಾಣ ಸುರಕ್ಷಿತ ಎಂದಲ್ಲ.

ಸರ್ವರ್‌ಗೆ ಸರ್ವರ್‌ಗೆ ವ್ಯತ್ಯಾಸ ಇದೆ. ಅಪಾಚೆ 2.4ರಲ್ಲಿ ಅಲೋ-ಓವರ್‌ರೈಡ್ ಎಂಬ ಸೂಚನೆ ಮೊದಲಿಗೆ ಮುಚ್ಚಿರುತ್ತದೆ. ಅದನ್ನು ತೆರೆಯದಿದ್ದರೆ ಡಾಟ್-ಎಚ್‌ಟಿಆಕ್ಸೆಸ್ ಕಡತವನ್ನು ಸರ್ವರ್ ಓದುವುದೇ ಇಲ್ಲ. "ನಿಯಮ ಸರಿಯಿದೆ, ಆದರೂ 404 ಬರುತ್ತಿದೆ" ಎಂಬ ದೂರಿಗೆ ಬಹಳ ಸಲ ಇದೇ ಕಾರಣ. ಎಂಜಿನ್ಎಕ್ಸ್ ಸರ್ವರ್‌ನಲ್ಲಿ ಆ ಕಡತಕ್ಕೆ ಬೆಲೆಯೇ ಇಲ್ಲ. ಅಲ್ಲಿ ಮುಖ್ಯ ಕಾನ್ಫಿಗರೇಶನ್‌ನಲ್ಲಿ ಟ್ರೈ-ಫೈಲ್ಸ್ ಎಂಬ ಸಾಲು ಬರೆಯಬೇಕು. ಮೈಕ್ರೋಸಾಫ್ಟ್‌ನ ಐಐಎಸ್‌ನಲ್ಲಿ ಯುಆರ್‌ಎಲ್ ರಿರೈಟ್ ಎಂಬ ಪ್ರತ್ಯೇಕ ಘಟಕ ಬೇಕು.

ಹೊಸ ವ್ಯವಸ್ಥೆ ಮಾಡಿದ ದಿನವೇ ಚಿತ್ರಗಳು ಕಾಣೆಯಾಗುವುದುಂಟು. ವಿಳಾಸದಲ್ಲಿ ಓರೆಗೆರೆ ಹೆಚ್ಚಾದಂತೆ ಬ್ರೌಸರ್ ತಾನು ಒಳಫೋಲ್ಡರ್‌ನಲ್ಲಿ ಇದ್ದೇನೆ ಎಂದು ತಿಳಿದು ಚಿತ್ರಗಳನ್ನು ಅಲ್ಲಿ ಹುಡುಕುತ್ತದೆ. ಚಿತ್ರ ಮತ್ತು ಸ್ಟೈಲ್ ಕಡತಗಳ ವಿಳಾಸವನ್ನು ಓರೆಗೆರೆಯಿಂದಲೇ ಆರಂಭಿಸಿದರೆ ಈ ತೊಂದರೆ ಇರುವುದಿಲ್ಲ.

ಕನ್ನಡ ಲಿಪಿಯ ವಿಳಾಸ

ವಿಳಾಸದ ಕೊನೆಯಲ್ಲಿ ಬರುವ ಪದಗಳ ಗುಚ್ಛಕ್ಕೆ ಸ್ಲಗ್ ಎನ್ನುತ್ತಾರೆ. ಅದು ಕನ್ನಡ ಲಿಪಿಯಲ್ಲಿ ಇರಬಹುದೆ? ಖಂಡಿತ ಇರಬಹುದು. ಕನ್ನಡ ವಿಕಿಪೀಡಿಯದ ಪುಟಗಳ ವಿಳಾಸದಲ್ಲಿ ಲೇಖನದ ಕನ್ನಡ ಹೆಸರೇ ಇರುತ್ತದೆ. ಆದರೆ ಬರಹ ಯುನಿಕೋಡ್‌ನಲ್ಲಿ ಇರಬೇಕು. ಹಳೆಯ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರ ಕೂರಿಸಿದ ಬರಹವನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ವಿಳಾಸದ ನಿಯಮದಂತೆ ಸಾಗಾಟದಲ್ಲಿ ಕೆಲವೇ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೆ ಅವಕಾಶ. ಉಳಿದವು ಶೇಕಡಾ ಚಿಹ್ನೆಯ ಸಂಕೇತವಾಗಿ ಬದಲಾಗುತ್ತವೆ. 'ಕ' ಎಂಬ ಒಂದು ಅಕ್ಷರ %ಇ0%ಬಿ2%95 ಎಂದಾಗುತ್ತದೆ. (ಇಲ್ಲಿನ ಇ ಮತ್ತು ಬಿ ಇಂಗ್ಲಿಷ್ ಅಕ್ಷರಗಳು.) ಅಂದರೆ ಯುನಿಕೋಡ್‌ನ ಒಂದು ಕನ್ನಡ ಚಿಹ್ನೆಗೆ 9 ಜಾಗ ಬೇಕು. ಗುಣಿತದ ಚಿಹ್ನೆ ಬೇರೆ, ವಿರಾಮದ ಚಿಹ್ನೆ ಬೇರೆ ಲೆಕ್ಕ. 'ಕಾಸರಗೋಡು' ಎಂಬ ಪದದಲ್ಲಿ 8 ಚಿಹ್ನೆಗಳಿವೆ, ಆದ್ದರಿಂದ 72 ಜಾಗ. 'ಕ್ಷ' ಒಂದಕ್ಕೇ 27. ಬ್ರೌಸರ್‌ನ ಪಟ್ಟಿಯಲ್ಲಿ ಅಚ್ಚಗನ್ನಡವಾಗಿ ಕಂಡ ವಿಳಾಸವನ್ನು ನಕಲು ಮಾಡಿ ಸಂದೇಶದಲ್ಲಿ ಹಾಕಿದಾಗ ಶೇಕಡಾ ಚಿಹ್ನೆಗಳ ಉದ್ದನೆಯ ಸರ ಕಾಣುವುದು ಇದೇ ಕಾರಣಕ್ಕೆ.

ಇದರಿಂದ ದೊಡ್ಡ ಅನಾಹುತವೂ ಆಗಬಹುದು. ವರ್ಡ್‌ಪ್ರೆಸ್ ಸ್ಲಗ್‌ಗೆ 200 ಜಾಗ ಮಾತ್ರ ಕೊಡುತ್ತದೆ, ಅದೂ ಶೇಕಡಾ ಸಂಕೇತದ ಲೆಕ್ಕದಲ್ಲಿ. ಇಂಗ್ಲಿಷ್ ತಲೆಬರಹಕ್ಕೆ ಇದು ಧಾರಾಳ. ಕನ್ನಡಕ್ಕೆ 22 ಚಿಹ್ನೆಗಳು ಮಾತ್ರ. "ತಾಳವಾಡಿ ಶಾಲೆಗೆ ಹೊಸ ಕಟ್ಟಡ ಇಲ್ಲ" ಎಂಬ ತಲೆಬರಹ ಇದೆ ಎಂದುಕೊಳ್ಳೋಣ. ಮೊದಲ ನಾಲ್ಕು ಪದಗಳ 21 ಚಿಹ್ನೆಗೆ 189, ನಡುವಿನ ಮೂರು ಅಡ್ಡಗೆರೆಗೆ 3, ಒಟ್ಟು 192. ಐದನೆಯ ಪದಕ್ಕೆ ಜಾಗವಿಲ್ಲ. ಉಳಿಯುವ ವಿಳಾಸ "ತಾಳವಾಡಿ-ಶಾಲೆಗೆ-ಹೊಸ-ಕಟ್ಟಡ". ಸುದ್ದಿ ಇಲ್ಲ ಎನ್ನುತ್ತದೆ, ವಿಳಾಸ ಇದೆ ಎನ್ನುತ್ತದೆ. ಕನ್ನಡದಲ್ಲಿ ಕ್ರಿಯಾಪದವೂ ನಿಷೇಧವೂ ವಾಕ್ಯದ ಕೊನೆಗೆ ಬರುವುದರಿಂದ, ಬಾಲ ಕತ್ತರಿಸಿದರೆ ಕೆಲವೊಮ್ಮೆ ಅರ್ಥವೇ ತಿರುವುಮುರುವಾಗುತ್ತದೆ. ಪುಟ ತೆರೆಯದೆ ಕೊಂಡಿಯನ್ನಷ್ಟೇ ನೋಡಿ ಮುಂದೆ ಕಳಿಸುವವರು ಎಲ್ಲ ಕಡೆ ಇದ್ದಾರೆ. ಆದ್ದರಿಂದ ತಲೆಬರಹವನ್ನು ತಂತ್ರಾಂಶವೇ ಸ್ಲಗ್ ಮಾಡಿಕೊಳ್ಳಲು ಬಿಡದೆ, ಎರಡು ಮೂರು ನಾಮಪದಗಳನ್ನು ಕೈಯಿಂದಲೇ ಬರೆಯಬೇಕು. "ತಾಳವಾಡಿ-ಶಾಲೆ-ಕಟ್ಟಡ" ಎಂದಿದ್ದರೆ ಯಾವ ಗೊಂದಲವೂ ಇಲ್ಲ.

ಕಣ್ಣಿಗೆ ಕಾಣದ ಇನ್ನೊಂದು ತೊಡಕೂ ಇದೆ. 'ಗೋ' ಅಕ್ಷರದ ಓತ್ವದ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ, ಮೂರು ಚಿಹ್ನೆಗಳನ್ನು ಕೂಡಿಸಿಯೂ ಬರೆಯಲು ಯುನಿಕೋಡ್‌ನಲ್ಲಿ ಅವಕಾಶವಿದೆ. ಹಾಗೆಯೇ ಪದದ ನಡುವೆ ಒತ್ತಕ್ಷರ ಆಗದಂತೆ ತಡೆಯಲು ಹಾಕುವ ಅದೃಶ್ಯ ಚಿಹ್ನೆಯೂ ವಿಳಾಸದೊಳಗೆ ಸೇರಿಕೊಳ್ಳಬಹುದು. ತೆರೆಯ ಮೇಲೆ ಎರಡೂ ಒಂದೇ, ಸರ್ವರ್‌ಗೆ ಬೇರೆ ಬೇರೆ. ಸ್ಲಗ್ ಉಳಿಸುವ ಮೊದಲು ಅದನ್ನು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರುವುದು, ಅದೃಶ್ಯ ಚಿಹ್ನೆಗಳನ್ನು ತೆಗೆಯುವುದು ಇದಕ್ಕೆ ಪರಿಹಾರ.

ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ?

ವಿಳಾಸ ಚಿಕ್ಕದಾಗುತ್ತದೆ, ಫೋನಿನಲ್ಲಿ ಹೇಳಿ ಬರೆಸಬಹುದು, ಯಾವ ಕೀಲಿಮಣೆಯಲ್ಲೂ ಒತ್ತಬಹುದು. ಆದರೆ ಹಳ್ಳಿಯೂ ಹಲ್ಲಿಯೂ ಒಂದೇ ಆಗಿಬಿಡುತ್ತವೆ. ಗಡಿನಾಡಿನಲ್ಲಿ ಇನ್ನೊಂದು ಸಮಸ್ಯೆ ಇದೆ. ಕೇರಳ ಮತ್ತು ತಮಿಳುನಾಡಿನ ಕಡೆ 'ತ' ಕಾರಕ್ಕೆ ಟಿ ಜೊತೆ ಎಚ್ ಸೇರಿಸಿ ಬರೆಯುವುದು ರೂಢಿ. ಮಹಾರಾಷ್ಟ್ರದಲ್ಲಿ ಟಿ ಒಂದೇ ಬರೆಯುವವರು ಹೆಚ್ಚು. ಜತ್ತ ಊರಿನ ಹೆಸರನ್ನೇ ಎರಡೂ ರೀತಿ ಬರೆಯುತ್ತಾರೆ. ಆದ್ದರಿಂದ ಊರುಗಳ ಹೆಸರಿಗೆ ಮೊದಲೇ ಒಂದು ಪಟ್ಟಿ ಮಾಡಿಟ್ಟು, ಎಲ್ಲರೂ ಅದನ್ನೇ ಬಳಸಬೇಕು. ಇಂಗ್ಲಿಷ್‌ನ ಸಣ್ಣ ಅಕ್ಷರಗಳನ್ನು ಮಾತ್ರ ಬಳಸಬೇಕು, ಏಕೆಂದರೆ ಲಿನಕ್ಸ್ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಪದಗಳ ನಡುವೆ ಕೆಳಗೆರೆಗಿಂತ ಅಡ್ಡಗೆರೆ ಒಳ್ಳೆಯದು ಎಂಬುದು ಗೂಗಲ್‌ನ ಸಲಹೆ.

ಎರಡರ ಅನುಕೂಲವೂ ಬೇಕಾದವರಿಗೆ ಮಧ್ಯದ ದಾರಿ ಇದೆ. ಮೊದಲು ಬರಹದ ಸಂಖ್ಯೆ, ಆಮೇಲೆ ಪದಗಳು. ಪ್ರೋಗ್ರಾಮ್ ಸಂಖ್ಯೆಯನ್ನು ಮಾತ್ರ ನೋಡಿ ಪುಟ ಹುಡುಕಬೇಕು. ಪದಗಳು ತಪ್ಪಿದ್ದರೆ ಅಥವಾ ಸಂದೇಶದಲ್ಲಿ ಕತ್ತರಿಸಿ ಹೋಗಿದ್ದರೆ ಸರಿಯಾದ ವಿಳಾಸಕ್ಕೆ ಕಳಿಸಬೇಕು. ಸ್ಟಾಕ್ ಓವರ್‌ಫ್ಲೋ ತಾಣದ ವಿಳಾಸಗಳು ಹೀಗೇ ಇವೆ.

ಹಲವು ಭಾಷೆಗಳ ತಾಣ

ಒಂದೇ ತಾಣದಲ್ಲಿ ಹಲವು ಭಾಷೆಗಳಿದ್ದರೆ ವಿಳಾಸದ ಮೊದಲ ತುಂಡಿನಲ್ಲಿ ಭಾಷೆಯ ಸಂಕೇತ ಇಡುವುದು ವಾಡಿಕೆ. ಕನ್ನಡಕ್ಕೆ ಕೆಎನ್, ಮಲಯಾಳಕ್ಕೆ ಎಂಎಲ್, ತಮಿಳಿಗೆ ಟಿಎ, ತೆಲುಗಿಗೆ ಟಿಇ, ಮರಾಠಿಗೆ ಎಂಆರ್. ತುಳುವಿಗೂ ಕೊಂಕಣಿಗೂ ಎರಡಕ್ಷರದ ಸಂಕೇತ ಇಲ್ಲ. ತುಳುವಿಗೆ ಟಿಸಿವೈ, ಕೊಂಕಣಿಗೆ ಕೆಒಕೆ ಎಂಬ ಮೂರಕ್ಷರದ ಸಂಕೇತಗಳಿವೆ. ವಾಹನದ ನೋಂದಣಿ ಫಲಕದಂತೆ ರಾಜ್ಯದ ಸಂಕೇತ ಹಾಕಬಾರದು. ಭಾಷೆಗಳ ಪಟ್ಟಿಯಲ್ಲಿ ಕೆಎ ಎಂದರೆ ಜಾರ್ಜಿಯನ್, ಟಿಎನ್ ಎಂದರೆ ಆಫ್ರಿಕಾದ ತ್ಸ್ವಾನಾ. ಕಾಸರಗೋಡಿನ ಕನ್ನಡವಾಗಲಿ ಸೊಲ್ಲಾಪುರದ ಕನ್ನಡವಾಗಲಿ, ಸಂಕೇತ ಕೆಎನ್ ಒಂದೇ.

ವಿಳಾಸದಲ್ಲಿ ಜಿಲ್ಲೆಯ ಹೆಸರು ಬೇಡ

ಬದಲಾಗುವಂತಹ ಯಾವುದನ್ನೂ ವಿಳಾಸದೊಳಗೆ ಇಡಬಾರದು. ಸುದ್ದಿತಾಣಗಳು ರಾಜ್ಯ, ಜಿಲ್ಲೆ, ಊರು ಎಂದು ಮೆಟ್ಟಿಲು ಕಟ್ಟುವುದುಂಟು. ಆದರೆ ಗಡಿನಾಡಿನ ಜಿಲ್ಲೆಗಳೇ ಸ್ಥಿರವಾಗಿಲ್ಲ. ಹೊಸೂರು 2004ರಲ್ಲಿ ಧರ್ಮಪುರಿಯಿಂದ ಹೊಸ ಕೃಷ್ಣಗಿರಿ ಜಿಲ್ಲೆಗೆ ಹೋಯಿತು. 2014ರಲ್ಲಿ ತೆಲಂಗಾಣ ಪ್ರತ್ಯೇಕ ರಾಜ್ಯವಾಯಿತು, 2019ರಲ್ಲಿ ಮಹಬೂಬ್‌ನಗರದಿಂದ ನಾರಾಯಣಪೇಟೆ ಜಿಲ್ಲೆ ಬೇರೆಯಾಯಿತು. ಮಡಕಶಿರಾ 2022ರಲ್ಲಿ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅನಂತಪುರದ ಹೆಸರಿನಡಿ ಇಟ್ಟ ಮಡಕಶಿರಾದ ವಿಳಾಸಗಳೆಲ್ಲ ಅಂದೇ ಹಳಸಿದಂತಾಯಿತು. ಊರಿನ ಹೆಸರು, ಪ್ರಕಟವಾದ ವರ್ಷ ಅಥವಾ ಬರಹದ ಸಂಖ್ಯೆ ಇಷ್ಟಿದ್ದರೆ ಸಾಕು. ಜಿಲ್ಲೆಯನ್ನು ಪುಟದೊಳಗೆ ತೋರಿಸಿದರಾಯಿತು.

ಹಳೆಯ ವಿಳಾಸಗಳ ಗತಿ

ತಾಣವನ್ನು ಹೊಸ ವ್ಯವಸ್ಥೆಗೆ ತರುವಾಗ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ಮೊದಲು ಹಳೆಯ ವಿಳಾಸ ಒಂದು ಕಡೆ, ಹೊಸದು ಒಂದು ಕಡೆ ಬರೆದು ಪಟ್ಟಿ ಮಾಡಬೇಕು. ಹಳೆಯದನ್ನು ಕೇಳಿದವರಿಗೆ ಸರ್ವರ್ 301 ಎಂಬ ಉತ್ತರ ಕೊಟ್ಟು ಹೊಸದಕ್ಕೆ ಕಳಿಸಬೇಕು. 301 ಎಂದರೆ ಶಾಶ್ವತವಾಗಿ ಮನೆ ಬದಲಾಯಿಸಿದ್ದು, 302 ಎಂದರೆ ತಾತ್ಕಾಲಿಕ. ಎಲ್ಲ ಹಳೆಯ ಕೊಂಡಿಗಳನ್ನೂ ಮುಖಪುಟಕ್ಕೆ ಕಳಿಸುವುದು ಸರಿಯಲ್ಲ. ಹಳೆಯ ಆದೇಶವೊಂದರ ಪ್ರತಿ ಹುಡುಕುತ್ತ ಬಂದವರಿಗೆ ಮುಖಪುಟದಿಂದ ಏನೂ ಉಪಯೋಗವಿಲ್ಲ. ಪುಟವನ್ನು ತೆಗೆದೇ ಹಾಕಿದ್ದರೆ 410 ಎಂದು ಸ್ಪಷ್ಟವಾಗಿ ಹೇಳಬೇಕು.

ಅಪಾಚೆಯಲ್ಲಿ ಒಂದು ಸೂಕ್ಷ್ಮ ಇದೆ. ಸಾಮಾನ್ಯ ರಿಡೈರೆಕ್ಟ್ ಆದೇಶ ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗವನ್ನು ಗಮನಿಸುವುದಿಲ್ಲ. ಐಡಿ=1274 ಎಂಬುದನ್ನು ಹಿಡಿಯಲು ಕ್ವೆರಿ-ಸ್ಟ್ರಿಂಗ್ ಪರೀಕ್ಷಿಸುವ ರಿರೈಟ್-ಕಂಡೀಶನ್ ಬರೆಯಬೇಕು. 2.4ರಲ್ಲಿ ಕ್ಯೂಎಸ್‌ಡಿ ಎಂಬ ಸೂಚನೆ ಸೇರಿಸಿದರೆ ಹಳೆಯ ಬಾಲ ಹೊಸ ವಿಳಾಸಕ್ಕೆ ಅಂಟುವುದಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಒಂದು ಬರಹದ ಸ್ಲಗ್ ತಿದ್ದಿದರೆ ಹಳೆಯ ಸ್ಲಗ್ ನೆನಪಿಟ್ಟುಕೊಂಡು ತಾನೇ ತಿರುಗಿಸುತ್ತದೆ.

ಒಂದೇ ಪುಟ ಎರಡು ಮೂರು ವಿಳಾಸಗಳಲ್ಲಿ ತೆರೆಯುವಂತಿದ್ದರೆ, ಯಾವುದು ಮುಖ್ಯ ಎಂದು ಕ್ಯಾನೋನಿಕಲ್ ಎಂಬ ಟ್ಯಾಗ್‌ನಿಂದ ಹುಡುಕುಯಂತ್ರಗಳಿಗೆ ತಿಳಿಸಬೇಕು. ಗೂಗಲ್, ಯಾಹೂ, ಮೈಕ್ರೋಸಾಫ್ಟ್ 2009ರಲ್ಲಿ ಒಟ್ಟಾಗಿ ಈ ಟ್ಯಾಗನ್ನು ಒಪ್ಪಿಕೊಂಡವು.

ಪರೀಕ್ಷಿಸುವ ಕ್ರಮ

ಕೆಲಸ ಮುಗಿದ ಮೇಲೆ ಹತ್ತಿಪ್ಪತ್ತು ಹಳೆಯ ಕೊಂಡಿಗಳನ್ನು ತೆರೆದು ನೋಡಬೇಕು. ಬ್ರೌಸರ್‌ನಲ್ಲಿ ಎಫ್12 ಕೀಲಿ ಒತ್ತಿ ನೆಟ್‌ವರ್ಕ್ ವಿಭಾಗ ನೋಡಿದರೆ 301 ಬಂದಿದೆಯೇ, ಒಂದೇ ಹೆಜ್ಜೆಯಲ್ಲಿ ತಲುಪಿತೇ ಎಂದು ತಿಳಿಯುತ್ತದೆ. ಇಲ್ಲದ ವಿಳಾಸವೊಂದನ್ನು ಕೊಟ್ಟು 404 ಬರುವುದನ್ನು ಖಚಿತಪಡಿಸಿಕೊಳ್ಳಬೇಕು. ಕನ್ನಡ ವಿಳಾಸವನ್ನು ಮೊಬೈಲ್ ಸಂದೇಶದಲ್ಲಿ ಕಳಿಸಿ, ಇನ್ನೊಂದು ಫೋನಿನಲ್ಲಿ ತೆರೆಯಬೇಕು. ಆಮೇಲೆ ವರ್ಷಕ್ಕೆ ಒಂದೆರಡು ಸಲ ಸರ್ವರ್‌ನ ದಾಖಲೆಯಲ್ಲಿ 404 ಬಂದ ವಿಳಾಸಗಳ ಪಟ್ಟಿ ತೆಗೆದು, ಜನ ಇನ್ನೂ ಕೇಳುತ್ತಿರುವ ಹಳೆಯ ಪುಟಗಳಿಗೆ ದಾರಿ ಮಾಡಿಕೊಡಬೇಕು.