ಮೇಲ್ಮಣ್ಣಿನ ಲೆಕ್ಕ: ಕಾತ್ರಜದ ಗುಡ್ಡಗಳೂ ಗಣಿಭೂಮಿಯ ಪುನರುದ್ಧಾರವೂ

ಪುಣೆಯಿಂದ ಸಾತಾರಾ, ಕೊಲ್ಹಾಪುರಗಳ ಮಾರ್ಗವಾಗಿ ಕನ್ನಡನಾಡಿಗೆ ಹೊರಟವರು ಮೊದಲು ಏರುವ ಕಾತ್ರಜ ಘಾಟವು, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾರಸದಿಂದಾದ ಕರಿಗಲ್ಲಿನ ಸೀಮೆ. ಇಂಥ ಗುಡ್ಡಗಳ ಗಟ್ಟಿಕಲ್ಲು ಕ್ರಷರಿಗೆ ಬಿದ್ದು ಜಲ್ಲಿಯಾಗುವುದು. ಶಿಥಿಲವಾದ ಗರಸು ರಸ್ತೆಯ ತಳಕ್ಕೆ ಹೋಗುವುದು. ಇವೆರಡರ ಮೇಲೆ ಅನೇಕ ಕಡೆ ಗೇಣುದ್ದವೂ ಇಲ್ಲದ ಮಣ್ಣಿನ ಹೊದಿಕೆಗೆ ಮಾತ್ರ ಬಹುಕಾಲ ಯಾವ ಬೆಲೆಯೂ ಇರಲಿಲ್ಲ. ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ನಾನಾಸಾಹೇಬ ಪೇಶ್ವೆಯು ಕಾತ್ರಜದ ಕೆರೆಯಿಂದ ನಗರದ ಹೌದುಗಳಿಗೆ ನೆಲದಡಿಯ ಕಾಲುವೆಯಲ್ಲಿ ನೀರು ತರಿಸಿದಾಗ, ಆ ಕೆರೆಗೆ ಮಳೆಯನ್ನು ಸೋಸಿ ಕೊಟ್ಟದ್ದು ಈ ತೆಳು ಹೊದಿಕೆಯೂ ಅದರ ಹುಲ್ಲೂ ಅಲ್ಲವೆ?

ಅಗೆದ ನೆಲವನ್ನು ಮರಳಿ ನೆಲವಾಗಿಸಬೇಕೆಂಬ ವಿಚಾರವು ಶಾಸನರೂಪ ತಾಳಿದ್ದು ನಿಧಾನವಾಗಿ. ಬ್ರಿಟನ್ನಿನ 1951ರ ಕಾಯಿದೆಯು ಕಬ್ಬಿಣದ ಅದಿರು ತೆಗೆದ ಹೊಲಗಳ ದುರಸ್ತಿಗಾಗಿ ಟನ್ನಿಗಿಷ್ಟೆಂದು ವಂತಿಗೆ ಕೂಡಿಸುವ ನಿಧಿಯೊಂದನ್ನು ಏರ್ಪಡಿಸಿತು. ಅಮೆರಿಕದ 1977ರ ಕಾಯಿದೆಯು ತೆರೆದ ಕಲ್ಲಿದ್ದಲು ಗಣಿಗಳಲ್ಲಿ ಮೇಲ್ಮಣ್ಣನ್ನು ಬೇರೆಯಾಗಿಯೇ ಎತ್ತಿಡಬೇಕೆಂದು ವಿಧಿಸಿತು. ನಮ್ಮಲ್ಲಿ 1988ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು ಅದೇ ಕಟ್ಟಳೆಯನ್ನು ಹೇಳಿದುವಾದರೂ, ಜಲ್ಲಿ ಗರಸುಗಳು ಉಪಖನಿಜಗಳೆಂದು ರಾಜ್ಯಗಳ ಪಾಲಿಗೆ ಬಿಟ್ಟಿದ್ದರಿಂದ ಅವಕ್ಕೆ ಆ ನಿಯಮ ತಟ್ಟಲಿಲ್ಲ. ಊರೂರಿನಲ್ಲಿ ಅಗೆಯುವ ವಸ್ತುವೇ ಹೀಗೆ ಕಟ್ಟಳೆಯ ಹೊರಗುಳಿದದ್ದು ವಿಚಿತ್ರವೇ ಸರಿ. 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಐದು ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದ ಮೇಲೆಯೇ ಸಣ್ಣ ಗಣಿಗಳು ಲೆಕ್ಕಕ್ಕೆ ಬಂದುವು. ಆದರೂ ಮರುವರ್ಷದ ಜೂನಿನಲ್ಲಿ, ಘಾಟದ ಮಗ್ಗುಲಿನ ಶಿಂದೇವಾಡಿಯ ಬಳಿ ಅಕ್ರಮವಾಗಿ ಕಡಿದ ಗುಡ್ಡದ ಕಡೆಯಿಂದ ನುಗ್ಗಿದ ಮಳೆನೀರು ಹೆದ್ದಾರಿಯಲ್ಲಿ ತಾಯಿಮಗುವನ್ನು ಕೊಚ್ಚಿಕೊಂಡೊಯ್ದಿತು.

ಪುನರುದ್ಧಾರದ ಯೋಜನೆಯೆಂಬುದು ಅಗೆಯುವ ಯಂತ್ರದ ಮೊದಲ ಬಕೆಟ್ಟು ನೆಲಕ್ಕೆ ತಾಕುವುದಕ್ಕೆ ಮುಂಚೆ ಸಿದ್ಧವಾಗತಕ್ಕದ್ದು. ಹತ್ತು ಸೆಂಟಿಮೀಟರು ಮಣ್ಣಿದ್ದರೂ ಹೆಕ್ಟೇರಿಗೆ ಸಾವಿರ ಘನಮೀಟರು ದೊರೆಯುವುದು; ಅದನ್ನು ಒಣದಿನಗಳಲ್ಲಿ ಕೆರೆದು, ಅಡಿಮಣ್ಣಿನೊಡನೆ ಬೆರೆಸದೆ, ಎರಡು ಮೀಟರಿಗೆ ಮೀರದ ತಗ್ಗು ರಾಶಿಗಳಾಗಿ, ಲಾರಿಗಳ ದಾರಿಯಿಂದಲೂ ನೀರಿನ ಹರಿವಿನಿಂದಲೂ ದೂರವಿರಿಸಬೇಕು. ರಾಶಿ ಎತ್ತರವಾದಷ್ಟೂ ಒಳಭಾಗಕ್ಕೆ ಗಾಳಿ ಸಿಕ್ಕದೆ ಎರೆಹುಳುಗಳೂ ಬೇರಿಗೆ ನೆರವಾಗುವ ಶಿಲೀಂಧ್ರಗಳೂ ನಶಿಸುವುವು. ವರ್ಷಗಟ್ಟಲೆ ಬಿದ್ದಿದ್ದರೆ ಬೀಜಗಳೂ ಸತ್ತುಹೋಗುವುವು. ಆದಕಾರಣ ಕೆರೆದ ಮಣ್ಣನ್ನು ಅಗೆದು ಮುಗಿದ ಪಕ್ಕದ ತುಂಡಿಗೆ ನೇರವಾಗಿ ಹರಡುವುದೇ ಉತ್ತಮೋತ್ತಮ. ಹರಡುವ ಮುನ್ನ ಯಂತ್ರಗಳ ಭಾರಕ್ಕೆ ಕಲ್ಲಾದ ತಳವನ್ನು ಆಳವಾಗಿ ಸೀಳದಿದ್ದರೆ, ಮೊದಲ ಮಳೆಗೇ ಎಲ್ಲವೂ ಜಾರಿ ಕೆಳಗಿನ ಹಳ್ಳ ಸೇರುವುದು.

2020ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿ ಮುಗಿದ ನೆಲದಲ್ಲಿ ಮರಳಿ ಹುಲ್ಲು ಬೆಳೆಸಿ ಮೇವಿಗೆ ಯೋಗ್ಯವಾಗಿಸಬೇಕೆಂಬ ಷರತ್ತನ್ನು ಗುತ್ತಿಗೆಗಳಲ್ಲಿ ಸೇರಿಸುವಂತೆ ಆಜ್ಞಾಪಿಸಿತು. ಗುಂಡಿ ತೋಡಿ ಸಸಿ ನೆಟ್ಟು ಸಂಖ್ಯೆ ಬರೆಯುವ ಪದ್ಧತಿಗಿಂತ ಇದು ಕಾತ್ರಜದ ಪ್ರಕೃತಿಗೆ ಹೆಚ್ಚು ಒಪ್ಪುವುದೆಂದು ನನ್ನ ಅಭಿಪ್ರಾಯ. ಏಕೆಂದರೆ ಬೇಸಗೆಯ ತಿಂಗಳುಗಳನ್ನು ಒಣಗಿಯೇ ಕಳೆದು ಮೃಗಶಿರೆಯ ಮಳೆಗೆ ಮತ್ತೆ ಚಿಗುರುವ ಶಕ್ತಿ ಈ ಇಳುಕಲಿನ ಹುಲ್ಲಿಗುಂಟು, ಅದರ ಬೀಜವೂ ಕೆರೆದಿಟ್ಟ ಆ ಸಾವಿರ ಘನಮೀಟರಿನಲ್ಲಿಯೇ ಇರುವುದು.