ವಿಳಿಂಜಂ ಕಡಲಲ್ಲಿ ಟವರ್ ಎಲ್ಲಿವರೆಗೆ?

ಈ ವಾರದ ಹೊಸ ಫೋನಿನ ಕ್ಯಾಮೆರಾ, ಚಿಪ್ಪು ಆಮೇಲೆ. ಮೊದಲು ಸ್ವಲ್ಪ ಇತಿಹಾಸ.

ಕೇರಳದ ಮೊದಲ ಮೊಬೈಲ್ ಕರೆ ಹೋಗಿದ್ದು 1996ರ ಸೆಪ್ಟೆಂಬರ್ 17ರಂದು, ಕೊಚ್ಚಿಯಲ್ಲಿ. ಮಾಡಿದವರು ‘ಚೆಮ್ಮೀನ್’ ಬರೆದ ತಕಳಿ ಶಿವಶಂಕರ ಪಿಳ್ಳೆ. ಮೀನುಗಾರರ ಕಥೆ ಬರೆದವರ ಕೈಯಿಂದ ಶುರುವಾದ ಫೋನು ಬೇಗನೇ ಮೀನುಗಾರರ ಕೈಗೂ ಬಂತು.

1997ರಿಂದ 2001ರೊಳಗೆ ಕೋಯಿಕ್ಕೋಡ್, ಕಣ್ಣೂರು, ನಮ್ಮ ಕಾಸರಗೋಡು ಕರಾವಳಿಗೆ ನೆಟ್‌ವರ್ಕ್ ಬಂತು. ಬೂತಾಯಿಗೆ ಎಲ್ಲಿ ರೇಟು ಜಾಸ್ತಿ ಅಂತ ದೋಣಿಯಿಂದಲೇ ಕೇಳಿ ಅಲ್ಲಿಗೇ ಹೋಗತೊಡಗಿದರು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಲೆಕ್ಕದಲ್ಲಿ ಮೀನುಗಾರರ ಲಾಭ ಶೇ 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ 4ರಷ್ಟು ಇಳಿಯಿತು.

ಆದ್ರೆ ಆ ಸಿಗ್ನಲ್ ಸಿಗ್ತಿದ್ದದ್ದು ದಡದಿಂದ 20–25 ಕಿ.ಮೀ.ವರೆಗೆ ಮಾತ್ರ. 2017ರ ನವೆಂಬರ್ 30ರಂದು ಓಖಿ ಚಂಡಮಾರುತ ಬಂದಾಗ ವಿಳಿಂಜಂ, ಪೂಂತುರದ ಎಷ್ಟೋ ದೋಣಿಗಳು ಟವರ್ ದಾಟಿ ಹೋಗಿದ್ದವು. ಎಚ್ಚರಿಕೆ ತಲುಪಲಿಲ್ಲ. ಹಲವರು ಮರಳಲೇ ಇಲ್ಲ.

2019ರಲ್ಲಿ ‘ಜೆಮಿನಿ’ ಅನ್ನೋ ಸಾಧನ ಬಂತು. ಗಗನ್ ಉಪಗ್ರಹದ ಸಂದೇಶವನ್ನು ಬ್ಲೂಟೂತ್‌ನಲ್ಲಿ ಫೋನಿಗೆ ಕೊಡುತ್ತೆ. ಆದ್ರೆ ಅದು ಒನ್‌ವೇ, ಕಡಲಿನವರು ಕೂಗಿದ್ರೆ ದಡಕ್ಕೆ ಕೇಳಲ್ಲ. ಎರಡೂ ಕಡೆ ಸಂದೇಶ ಹೋಗುವ ಇಸ್ರೋ ಟ್ರಾನ್ಸ್‌ಪಾಂಡರ್ ಆಮೇಲೆ ಬಂತು, ಅದೂ ದೋಣಿಗೆ ಕೂರಿಸೋ ಬೇರೆ ಪೆಟ್ಟಿಗೆ. 2022ರ ಐಫೋನ್ 14 ಜೇಬಿನಿಂದಲೇ ಉಪಗ್ರಹಕ್ಕೆ ತುರ್ತು ಸಂದೇಶ ಕಳಿಸಿತು. ಸೇವೆ ಶುರುವಾಗಿದ್ದು ಅಮೆರಿಕ, ಕೆನಡಾದಲ್ಲಿ.

ನಾನು ವಿಳಿಂಜಂ ಬಂದರಿನಲ್ಲಿ ನಿಂತಾಗ ನನ್ನ ಫೋನಲ್ಲಿ ಫುಲ್ ಟವರ್ ಇತ್ತು. ಎದುರಿಗಿದ್ದ ದೋಣಿಗಳು ಹೊರಟಿದ್ದು ಅದಿಲ್ಲದ ಕಡೆಗೆ. ಅವತ್ತಿಂದ ಯಾವ ಫೋನ್ ಬಂದ್ರೂ ನನ್ನ ಮೊದಲ ಪ್ರಶ್ನೆ ಒಂದೇ: ಟವರ್ ಇಲ್ಲದ ಕಡೆ ಇದು ಏನು ಮಾಡುತ್ತೆ?

ಬನ್ನಿ, ಈ ವಾರದ ಫೋನಿಗೂ ಅದನ್ನೇ ಕೇಳೋಣ.