ಅಜ್ಜ ಹುಟ್ಟಿದ್ದಕ್ಕೆ ಪುರಾವೆ ಉಂಟಾ?

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಸುಳ್ಯದ ಕಡೆಯ ರಬ್ಬರ್ ತೋಟದ ಕಾಲೊನಿಯಿಂದ ಒಂದಷ್ಟು ಮಕ್ಕಳು ನಮ್ಮ ಶಾಲೆಗೆ ಬರುತ್ತಿದ್ದರು. ಮನೆಯಲ್ಲಿ ತಮಿಳು, ಕ್ಲಾಸಿನಲ್ಲಿ ಕನ್ನಡ, ಆಟದ ಬಯಲಿನಲ್ಲಿ ತುಳು... ಮೂರೂ ಸಲೀಸು. ನಾವು ಅವರನ್ನು 'ಸಿಲೋನಿನವರು' ಅನ್ನುತ್ತಿದ್ದೆವು. ಒಂದು ದಿನ ಮಾಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಅಜ್ಜನ ಊರು ಯಾವುದು ಅಂತ ಕೇಳುತ್ತಾ ಬಂದರು. ನನ್ನ ಪಕ್ಕದಲ್ಲಿ ಕೂತಿದ್ದವ ಎದ್ದು ನಿಂತು ಸುಮ್ಮನಾದ.

"ಎಂತ ಮಾರಾಯ, ಅಜ್ಜನ ಊರು ಗೊತ್ತಿಲ್ವಾ?"

"ಅಪ್ಪನಿಗೇ ಸರಿ ಗೊತ್ತಿಲ್ಲ ಸಾರ್."

ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕಿದ್ದೆ.

ಇಂಥದ್ದೇ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಕೊಡಲಾಗದೆ ಸುಮಾರು 7 ಲಕ್ಷ ಜನ ದೇಶವನ್ನೇ ಕಳೆದುಕೊಂಡಿದ್ದರು ಅಂತ ನನಗೆ ಗೊತ್ತಾಗುವಾಗ ಎಷ್ಟೋ ವರ್ಷ ಕಳೆದಿತ್ತು. ಆ ಕಥೆಯನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ.

ಬ್ರಿಟಿಷರು ಸಿಲೋನಿನ ಗುಡ್ಡಗಳಲ್ಲಿ ಮೊದಲು ಹಾಕಿದ್ದು ಕಾಫಿ. ಕೆಲಸಕ್ಕೆ ತಿರುಚ್ಚಿ, ಮಧುರೆ, ತಂಜಾವೂರು, ಸೇಲಂ ಕಡೆಯ ಬಡವರನ್ನು ಕರೆತಂದರು. ಹೆಚ್ಚಿನವರು ದಲಿತರು, ಕೂಲಿಕಾರರು. ದೋಣಿಯಲ್ಲಿ ಮನ್ನಾರ್ ತೀರಕ್ಕೆ ಬಂದು, ಅಲ್ಲಿಂದ ಕಾಡಿನ ದಾರಿಯಲ್ಲಿ ಮಾತಲೆಯವರೆಗೆ ನಡೆಯಬೇಕಿತ್ತು. ದಾರಿಯಲ್ಲೇ ಜ್ವರ, ಕಾಲರಾ ಬಂದು ಸತ್ತವರ ಲೆಕ್ಕ ಇಟ್ಟವರಿಲ್ಲ. 1869ರಿಂದ ಕಾಫಿಗೆ ಎಲೆರೋಗ ಬಿದ್ದು ತೋಟಗಳು ನಾಶವಾದವು, ಆ ಜಾಗಕ್ಕೆ ಟೀ ಬಂತು. ಕಾಫಿ ಕೊಯ್ಲಾದರೆ ಊರಿಗೆ ವಾಪಸ್ಸು ಹೋಗಬಹುದಿತ್ತು. ಟೀ ಹಾಗಲ್ಲ, ವರ್ಷವಿಡೀ ಚಿಗುರು ಕೀಳುತ್ತಲೇ ಇರಬೇಕು. ಹಾಗಾಗಿ ಹೆಂಡತಿ ಮಕ್ಕಳ ಸಮೇತ ಅಲ್ಲೇ ನಿಂತರು.

ನಿಂತದ್ದು ಎಲ್ಲಿ? 'ಲೈನ್' ಮನೆಗಳಲ್ಲಿ. ಉದ್ದಕ್ಕೆ ಕಟ್ಟಿದ ಸಾಲು, ಸಂಸಾರಕ್ಕೊಂದು ಕೋಣೆ, ಹತ್ತು ಅಡಿ ಹನ್ನೆರಡು ಅಡಿ. ಅದೂ ಕೆಲಸ ಇರುವವರೆಗೆ ಮಾತ್ರ. ಕೆಲಸ ಹೋಯಿತೋ, ಸೂರೂ ಹೋಯಿತು. ಆಳುಗಳನ್ನು ಕರೆತರುವ ಮೇಸ್ತ್ರಿಗೆ ಅಲ್ಲಿ 'ಕಂಗಾಣಿ' ಅನ್ನುತ್ತಾರೆ. ಅವನ ಹತ್ತಿರ ಮಾಡಿದ ಸಾಲ ತೀರುತ್ತಲೇ ಇರಲಿಲ್ಲ. ಬೇರೆ ತೋಟಕ್ಕೆ ಹೋಗಬೇಕಾದರೆ 'ತುಂಡು' ಅನ್ನುವ ಚೀಟಿ ಬೇಕು, ಅದರಲ್ಲಿ ಆಳಿನ ಸಾಲದ ಲೆಕ್ಕ. ಹೊಸ ತೋಟದವರು ಸಾಲ ತೀರಿಸಿ ಆಳನ್ನು ಪಡೆಯುವುದು! 1921ರಲ್ಲಿ ಈ ಪದ್ಧತಿ ರದ್ದಾಯಿತು. ಆದರೆ ಒಂದು ಚೂರು ಕಾಗದಕ್ಕೆ ಇಡೀ ಬದುಕು ಜೋತು ಬೀಳುವುದು ಮಾತ್ರ ರದ್ದಾಗಲಿಲ್ಲ.

1948 ಫೆಬ್ರವರಿ 4ಕ್ಕೆ ಸಿಲೋನ್ ಸ್ವತಂತ್ರವಾಯಿತು. ಡಿ. ಎಸ್. ಸೇನಾನಾಯಕೆ ಪ್ರಧಾನಿ. ಅದೇ ವರ್ಷ ಪೌರತ್ವದ ಕಾಯಿದೆ ಬಂತು. ನೀನು ಇಲ್ಲಿ ಹುಟ್ಟಿದರೆ ಸಾಲದು, ನಿನ್ನ ಅಪ್ಪ ಇಲ್ಲಿ ಹುಟ್ಟಿರಬೇಕು. ಇಲ್ಲವಾದರೆ ಅಜ್ಜ, ಮುತ್ತಜ್ಜ ಇಬ್ಬರೂ ಇಲ್ಲಿ ಹುಟ್ಟಿರಬೇಕು. ಅದಕ್ಕೆ ಪುರಾವೆ ತೋರಿಸಬೇಕು. ಲೈನ್ ಮನೆಯ ಕತ್ತಲಲ್ಲಿ ಹುಟ್ಟಿದ ಅಪ್ಪನ ಜನನ ಪತ್ರ ಎಲ್ಲಿಂದ ತರುವುದು ಹೇಳಿ? ನಮ್ಮಲ್ಲೇ ಎಷ್ಟು ಜನರ ಅಜ್ಜಂದಿರ ಹುಟ್ಟಿದ ದಿನ ದಾಖಲಾಗಿದೆ? "ದೊಡ್ಡ ಬೊಳ್ಳ ಬಂದ ವರ್ಷ ಹುಟ್ಟಿದ್ದು" ಅನ್ನುತ್ತಾರೆ, ಅಷ್ಟೇ.

1949ರಲ್ಲಿ ಇನ್ನೊಂದು ಕಾಯಿದೆ ಮಾಡಿ, ಮದುವೆಯಾದವರು 7 ವರ್ಷ, ಆಗದವರು 10 ವರ್ಷ ಬಿಡದೆ ವಾಸವಿದ್ದದ್ದನ್ನು ತೋರಿಸಿದರೆ ನೋಡೋಣ ಅಂದರು. ಸುಮಾರು 8 ಲಕ್ಷ ಜನರ ಪರವಾಗಿ ಅರ್ಜಿ ಬಿತ್ತು. ಸಿಕ್ಕಿದ್ದು ಸುಮಾರು 1 ಲಕ್ಷ 34 ಸಾವಿರ ಜನಕ್ಕೆ. ಮದುವೆಗೋ ಸಾವಿಗೋ ಅಂತ ಊರಿಗೆ ಹೋಗಿ ಹೆಚ್ಚು ದಿನ ನಿಂತವರದ್ದು 'ವಾಸ ಮುರಿದಿದೆ' ಅಂತ ತಿರಸ್ಕಾರವಾಯಿತು. ಹಿಂದಿನ ಚುನಾವಣೆಯಲ್ಲಿ ಮತ ಹಾಕಿದ್ದವರ ಮತದ ಹಕ್ಕೂ ಹೋಯಿತು. ಭಾರತ ಸರ್ಕಾರವೋ, ಅಲ್ಲಿ ಹುಟ್ಟಿ ಬೆಳೆದವರು ನಿಮ್ಮವರೇ ಅಂದಿತು. ಇವರು ಒಂದು ಹೆಜ್ಜೆ ಕದಲದೆ, ನಿಂತ ಜಾಗದಲ್ಲೇ ಪರದೇಶಿಗಳಾದರು. ಬೈಗುಳಕ್ಕೆ ಒಂದು ಹೆಸರೂ ಸಿಕ್ಕಿತು, 'ಕಳ್ಳತ್ತೋಣಿ'. ಕದ್ದು ದೋಣಿಯಲ್ಲಿ ಬಂದವರು ಅಂತ. ಅವರ ಅಜ್ಜಂದಿರನ್ನು ಕರೆದು ತಂದದ್ದು ಕಂಪೆನಿಗಳು!

1964 ಅಕ್ಟೋಬರ್ 30ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಿಕೆ ಒಪ್ಪಂದ ಮಾಡಿಕೊಂಡರು. ಒಟ್ಟು 9,75,000 ಜನ. ಭಾರತಕ್ಕೆ 5,25,000, ಸಿಲೋನಿಗೆ 3,00,000. ಉಳಿದ 1,50,000 ಜನರದ್ದು ಆಮೇಲೆ ನೋಡುವಾ ಅಂತ ಬಿಟ್ಟು, 1974ರಲ್ಲಿ ಅರ್ಧರ್ಧ ಹಂಚಿಕೊಂಡರು. ಅಡಿಕೆ ಪಾಲು ಮಾಡುವಾಗಲೂ ಇದಕ್ಕಿಂತ ಹೆಚ್ಚು ಮಾತುಕತೆ ಆಗುತ್ತದೆ. ತೋಟದ ಕಾರ್ಮಿಕರ ನಾಯಕ ತೊಂಡಮಾನ್ ಅವರನ್ನೂ ಕೇಳಿರಲಿಲ್ಲ.

ನನ್ನನ್ನು ತುಂಬ ಕಾಡುವುದು ಈ ಅಂಕಿಗಳ ನಡುವೆ ಬದುಕಿದವರ ಮನಸ್ಸು. ಒಪ್ಪಂದ ಜಾರಿಯಾಗಲು 15 ವರ್ಷದ ಅವಧಿ. ಅಷ್ಟೂ ವರ್ಷ ಒಂದು ಕಾಗದಕ್ಕೆ ಕಾಯುವುದು. ಮಗಳಿಗೆ ಗಂಡು ನೋಡುವುದಾದರೂ ಹೇಗೆ? ಅವರು ಆ ಪಟ್ಟಿ, ನಾವು ಈ ಪಟ್ಟಿ ಆದರೆ? ಮನೆ ಹಿಂದೆ ಒಂದು ಹಲಸಿನ ಗಿಡ ನೆಡುವುದೋ ಬೇಡವೋ? ಅಣ್ಣನಿಗೆ ಭಾರತ, ತಮ್ಮನಿಗೆ ಸಿಲೋನ್ ಆದ ಮನೆಗಳಿದ್ದವು. ಹೊರಡುವವರನ್ನು ಕಳಿಸಲು ಬಂದವರ ಅಳುವಿನಿಂದ ಗುಡ್ಡಗಾಡಿನ ರೈಲು ನಿಲ್ದಾಣಗಳು ತುಂಬುತ್ತಿದ್ದವು. ರೈಲಿನಲ್ಲಿ ತಲೈಮನ್ನಾರ್, ಅಲ್ಲಿಂದ ಹಡಗಿನಲ್ಲಿ ರಾಮೇಶ್ವರ, ಆಮೇಲೆ ಮಂಟಪಂ ಶಿಬಿರ. ಈ ಮಧ್ಯೆ 1973-74ರ ಆಹಾರದ ಅಭಾವದಲ್ಲಿ ತೋಟಗಳಲ್ಲಿ ಹಸಿವಿನಿಂದ ಸತ್ತವರಿದ್ದಾರೆ. 1977, 1983ರ ಗಲಭೆಗಳಲ್ಲಿ ಲೈನ್ ಮನೆಗಳು ಸುಟ್ಟವು.

ಇಂಥ ಕಾಯುವಿಕೆ ಮನಸ್ಸಿಗೆ ಏನು ಮಾಡುತ್ತದೆ ಅಂತ ಈಗ ಅಧ್ಯಯನಗಳಿವೆ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಬಂದ ಅಧ್ಯಯನಗಳು ಖಾಯಂ ವೀಸಾ ಸಿಕ್ಕ ನಿರಾಶ್ರಿತರನ್ನೂ ತಾತ್ಕಾಲಿಕ ವೀಸಾದವರನ್ನೂ ಹೋಲಿಸಿ ನೋಡಿದವು. ಊರಲ್ಲಿ ಕಷ್ಟ ಪಟ್ಟದ್ದು ಇಬ್ಬರೂ. ಆದರೆ ಖಿನ್ನತೆ, ಭಯ, ನಿದ್ದೆಗೇಡು ತಾತ್ಕಾಲಿಕದವರಲ್ಲೇ ಹೆಚ್ಚು ಕಂಡಿತು. ಗಾಯ ಮಾಯಬೇಕಾದರೂ ನಾಳೆ ಇಲ್ಲೇ ಇರುತ್ತೇನೆ ಅನ್ನುವ ಧೈರ್ಯ ಬೇಕು. ಸಿಲೋನಿನ ತೋಟದವರನ್ನು ಆಗ ಯಾರೂ ಹೀಗೆ ಕೂರಿಸಿ ಕೇಳಿದ್ದು ನಾನು ಓದಿಲ್ಲ. ಅವರು ಅರ್ಜಿ ಸಂಖ್ಯೆ ಮಾತ್ರ ಆಗಿದ್ದರು.

ಬಂದವರಲ್ಲಿ ಕೆಲವರಿಗೆ ನೀಲಗಿರಿಯ ಟೀ ತೋಟ, ಕೆಲವರಿಗೆ ಕೇರಳದ ರಬ್ಬರ್. ಒಂದಷ್ಟು ಜನ ನಮ್ಮ ಸುಳ್ಯ, ಪುತ್ತೂರಿಗೆ ಬಂದರು, ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ. ಅಲ್ಲಿ 'ಇಂಡಿಯಾದವರು' ಆಗಿದ್ದವರು ಇಲ್ಲಿ 'ಸಿಲೋನಿನವರು' ಆದರು. ಮತ್ತೆ ಕಾಗದ ಬಿಡಲಿಲ್ಲ. ಮಕ್ಕಳ ಜಾತಿ ಪ್ರಮಾಣಪತ್ರಕ್ಕೆ ಹೋದರೆ ನಿಮ್ಮ ಮೂಲ ಯಾವುದು, ದಾಖಲೆ ಉಂಟಾ ಅನ್ನುವ ಪ್ರಶ್ನೆ. ಅದಕ್ಕಾಗಿ ವರ್ಷಗಟ್ಟಲೆ ಅಲೆದಿದ್ದಾರೆ.

ಶ್ರೀಲಂಕಾ 2003ರಲ್ಲಿ ಕಾಯಿದೆ ಮಾಡಿ ಅಲ್ಲಿ ಉಳಿದವರನ್ನು ಪೌರರೆಂದು ಒಪ್ಪಿತು. ಹತ್ತೇ ದಿನಗಳ ಅಭಿಯಾನದಲ್ಲಿ ಸುಮಾರು 1,90,000 ಜನಕ್ಕೆ ಪೌರತ್ವ ಸಿಕ್ಕಿತು. 55 ವರ್ಷ ಆಗದ ಕೆಲಸ ಹತ್ತು ದಿನದಲ್ಲಿ! ಅಂದರೆ ಕಷ್ಟ ಇದ್ದದ್ದು ಕೆಲಸದಲ್ಲಿ ಅಲ್ಲ, ಮನಸ್ಸಿನಲ್ಲಿ.

ಆದರೆ ಕಥೆ ಮುಗಿದಿಲ್ಲ. 1983ರ ನಂತರ ಜೀವ ಉಳಿಸಿಕೊಳ್ಳಲು ಓಡಿಬಂದ ತೋಟದ ಕುಟುಂಬಗಳು ತಮಿಳುನಾಡಿನ ಶಿಬಿರ ಸೇರಿದವು. ಅವರಿಗೆ ಪೌರತ್ವ ಕೊಡುವ ವಿಷಯವನ್ನು ಪರಿಗಣಿಸಿ ಅಂತ ಮದ್ರಾಸ್ ಹೈಕೋರ್ಟಿನ ಮಧುರೆ ಪೀಠ 2019ರಲ್ಲಿ ಹೇಳಿತು. ಅದೇ ವರ್ಷ ಬಂದ ಪೌರತ್ವ ತಿದ್ದುಪಡಿ ಕಾಯಿದೆಯಲ್ಲಿ ಶ್ರೀಲಂಕಾದ ಹೆಸರಿಲ್ಲ. ಶಿಬಿರದಲ್ಲಿ ಹುಟ್ಟಿದ ಮಗು ಭಾರತದ ಮಣ್ಣಲ್ಲೇ ಹುಟ್ಟಿದ್ದು. ಆದರೆ 1987ರ ಜುಲೈ 1ರಿಂದ ನಮ್ಮಲ್ಲೂ ಇಲ್ಲಿ ಹುಟ್ಟಿದರೆ ಸಾಲದು. ಅಪ್ಪ ಅಮ್ಮ ಯಾರು ಅಂತ ಕೇಳುತ್ತೇವೆ. 1948ರಲ್ಲಿ ಸಿಲೋನ್ ಕೇಳಿದ್ದೂ ಹೆಚ್ಚು ಕಡಿಮೆ ಇದನ್ನೇ.

ನನ್ನ ಪಕ್ಕದಲ್ಲಿ ಕೂತಿದ್ದವ ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಅವನಿಗೂ ಮಕ್ಕಳಿರಬಹುದು. ಅವರನ್ನು ಯಾರಾದರೂ ಕೇಳಿದರೆ ಅಜ್ಜನ ಊರು ಸುಳ್ಯ ಅಂತ ಗಟ್ಟಿಯಾಗಿ ಹೇಳಲಿ ಅಂತ ಆಸೆ. ಆವತ್ತು ನಕ್ಕದ್ದಕ್ಕೆ ಇಷ್ಟು ವರ್ಷದ ಮೇಲೆ ನಾಚಿಕೆಯಾಗುತ್ತದೆ...